ಎರಡು ಹಾಸಿಗೆ, ಎರಡು ಚೀಟಿ, ಎರಡು ಪಿನ್ನು

೧

ತಪ್.

ಹೀಗೆ ಶುರು ಮಾಡಬಹುದೇ? ಮಾಡಬಹುದು. ಆದರೆ ನಡುರಾತ್ರಿ ಒಂದು ಸಣ್ಣ ಸದ್ದು ಕೇಳಿಸಿತು ಎಂದು ಬರೆದ ಕೂಡಲೇ ನೀವು ಕಳ್ಳನ ದಾರಿ ಕಾಯತೊಡಗುತ್ತೀರಿ. ಕಳ್ಳ ಬರುವುದಿಲ್ಲ. ಬೆಕ್ಕೂ ಬರುವುದಿಲ್ಲ. ಒಂದು ಹಳೆಯ ಹಾಸಿಗೆಯನ್ನು ಯಾರಿಗೂ ಯಾವುದಕ್ಕೂ ತೊಂದರೆಯಾಗದ ಹಾಗೆ ಮನೆಯಿಂದ ಆಚೆ ಕಳಿಸುವುದು ಹೇಗೆ ಎಂಬುದಷ್ಟೇ ಇಲ್ಲಿರುವ ವಿಷಯ. ಇದನ್ನು ಕಥೆ ಎನ್ನುತ್ತಾರೆಯೇ ಎಂಬ ಅನುಮಾನ ನನಗೂ ಇದೆ.

ಮೊದಲ ಡ್ರಾಫ್ಟು "ಹಾಸಿಗೆ ಎಂದರೇನು?" ಎಂದು ಶುರುವಾಗಿತ್ತು. ಓದಿದರೆ ಸರ್ಕಾರಿ ಕರಪತ್ರದ ಹಾಗಿತ್ತು. ಡಿಲೀಟ್. ಎರಡನೆಯದು ಗಾದೆಯಿಂದ ಶುರುವಾಯಿತು: ಹಾಸಿಗೆ ಇದ್ದಷ್ಟು ಕಾಲು ಚಾಚು. (ಹಾಸಿಗೆಯ ಬಗ್ಗೆ ಬರೆಯುವವರು ಈ ಗಾದೆಯನ್ನು ಎಲ್ಲಾದರೂ ಒಂದು ಕಡೆ ತುರುಕದೆ ಬಿಡುವುದಿಲ್ಲ. ನಾನು ಇಲ್ಲೇ ತುರುಕಿಬಿಟ್ಟೆ. ಇನ್ನು ಅದರ ಕಾಟವಿಲ್ಲ.) ಮೂರನೆಯ ಡ್ರಾಫ್ಟಿನಲ್ಲಿ ಬೆಳಗಿನಿಂದ ಶುರು ಮಾಡಿದೆ. ಆದರೆ ಆ ಸದ್ದು ಬೆಳಿಗ್ಗೆ ಬರುವುದೇ ಇಲ್ಲ.

ಆದ್ದರಿಂದ ತಪ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ತಪ್.

ಗೋಡೆಯ ಈಚೆ ಮಲಗಿದ್ದ ಸೊಸೆ ಕಣ್ಣು ಬಿಟ್ಟಳು. ಗೋಡೆಯ ಆಚೆ ಅತ್ತೆ, ಕತ್ತಲಲ್ಲಿ, ಪಕ್ಕದ ಖಾಲಿ ಹಾಸಿಗೆಯನ್ನು ಅಂಗೈಯಲ್ಲಿ ತಟ್ಟುತ್ತಿದ್ದರು. ಮಾವ ತೀರಿಕೊಂಡು ಒಂದು ವರ್ಷವಾಗಿತ್ತು. ಒಂದು ವರ್ಷದಿಂದ ಅತ್ತೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಹೋದ ತಿಂಗಳು ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಮುಂಗೈ ಸುಟ್ಟುಕೊಂಡಿದ್ದರು.

ಕಥೆ ಇಲ್ಲಿಂದ.

೨

ಪಾತ್ರ ಪರಿಚಯವನ್ನು ನಡುವೆ ನಯವಾಗಿ ಸೇರಿಸುವ ಕಲೆ ನನಗೆ ಬಾರದು. ಒಟ್ಟಿಗೇ ಹೇಳಿಬಿಡುತ್ತೇನೆ.

ಸೊಸೆ: ಔಷಧಿ ಕಂಪನಿಯೊಂದರಲ್ಲಿ ಕೆಲಸ. ಮಾತ್ರೆ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ಇಟ್ಟಿರುವ ತೆಳು ಕಾಗದವಿರುತ್ತದಲ್ಲ, ನೀವು ಓದದೆ ಎಸೆಯುವಂಥದ್ದು, ಅದನ್ನು ತಿದ್ದುವವಳು. ಒಂದು ಸೊನ್ನೆ ಹೆಚ್ಚಾದರೆ ಎಲ್ಲೋ ಯಾರಿಗೋ ಏನೋ ಆಗಿಬಿಡುತ್ತದೆ ಎಂಬ ಭಯದಲ್ಲಿ ಹನ್ನೊಂದು ವರ್ಷ ಕಳೆದಿದ್ದಾಳೆ. ಅವಳ ಅಡುಗೆಮನೆಯಲ್ಲಿ ಒಂದು ಡಬ್ಬಿಯ ಮೇಲೆ "ಸಕ್ಕರೆ" ಎಂಬ ಚೀಟಿ ಇದೆ. ಅದರ ಪಕ್ಕದ ಡಬ್ಬಿಯ ಮೇಲೆ "ಉಪ್ಪು (ಸಕ್ಕರೆ ಅಲ್ಲ)".

ಗಂಡ: ಲಿಫ್ಟ್ ಮೆಕ್ಯಾನಿಕ್. ಬಿಚ್ಚಿದ ಯಂತ್ರದ ಹತ್ತಿರ ಒಂದು ಸಣ್ಣ ಸ್ಕ್ರೂ ಕೂಡ ಸಡಿಲವಾಗಿ ಬಿಡಬಾರದು, ಕಂಡ ತಕ್ಷಣ ಜೇಬಿಗೆ ಹಾಕಬೇಕು ಎಂಬುದು ಅವನ ಕಸುಬಿನ ಮೊದಲ ಪಾಠ. ಮನೆಗೆ ಬಂದಾಗ ಅವನ ಅಂಗಿಯ ಜೇಬು ಯಾವಾಗಲೂ ಭಾರ.

ಮಾವ: ಹಾಸಿಗೆ ಹೊಲಿಯುವವರಾಗಿದ್ದರು. ಹನ್ನೆರಡು ವರ್ಷದ ಹಿಂದೆ ಕಣ್ಣು ಮಂಜಾಗಿ, ಅಂಗಡಿಯನ್ನು ತಮ್ಮ ಕೈಕೆಳಗೆ ದುಡಿದವನಿಗೆ ಒಪ್ಪಿಸುವ ಮುಂಚೆ, ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ತಮಗೂ ಹೆಂಡತಿಗೂ ಒಂದು ಜೋಡಿ ಹೊಲಿದುಕೊಂಡರು. ಒಂದೇ ಥಾನಿನ ನೀಲಿ ಪಟ್ಟೆಯ ಬಟ್ಟೆ, ಒಂದೇ ಅಳತೆ, ಲೆಕ್ಕ ಹಾಕಿದಂತೆ ಒಂದಕ್ಕೆ ಎಷ್ಟೋ ಇನ್ನೊಂದಕ್ಕೂ ಅಷ್ಟೇ ಹೊಲಿಗೆ. ಅಗಲದ ಮಂಚದ ಮೇಲೆ ಎರಡೂ ಪಕ್ಕಪಕ್ಕ. ಗೋಡೆ ಕಡೆಯದು ಅತ್ತೆಯದು, ಕಿಟಕಿ ಕಡೆಯದು ಮಾವನದು.

ಅತ್ತೆ: ಅವರನ್ನು ನಾನು ಪರಿಚಯಿಸಲಾರೆ. ಪ್ರಯತ್ನಪಟ್ಟೆ. "ನನ್ನ ಬಗ್ಗೆ ಬರೆಯೋಕೆ ನಿನಗೇನು ಗೊತ್ತು?" ಎಂದು ಕೇಳಿದರು.

೩

ಮಗಳ ಮನೆಗೆ ಹತ್ತು ದಿನ ಇದ್ದು ಬರಲು ಹೊರಟ ಅತ್ತೆ, ಬ್ಯಾಗಿನ ಜಿಪ್ಪು ಎಳೆಯುತ್ತಾ ತಲೆಯೆತ್ತದೆ ಹೇಳಿದರು:

"ನೋಡೇ, ನಾನು ಬರೋವಷ್ಟರಲ್ಲಿ ಅವರದ್ದು ಇಲ್ಲಿ ಇರಬಾರದು."

"ಯಾವುದು ಅತ್ತೆ?"

"ಇನ್ಯಾವುದು? ಹಾಸಿಗೆ." ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು. "ಅವರಿಗೆ ಗೊರಕೆ. ನಿಂಗೂ ಗೊತ್ತಲ್ಲ, ಗೋಡೆ ನಡುಗೋದು. ನಾನು ನಿದ್ದೇಲೇ ಕೈ ಚಾಚಿ ತಪ್ ತಪ್ ಅಂತ ತಟ್ಟೋಳು. ಮಗ್ಗುಲಾಗೋರು. ನಿಲ್ಲೋದು. ನಲವತ್ತೊಂದು ವರ್ಷ ಇದೇ ಆಯ್ತು. ಈಗ ಗೊರಕೆಯೂ ಇಲ್ಲ, ಏನೂ ಇಲ್ಲ. ಆದರೂ ಈ ಹಾಳು ಕೈ ಹೋಗತ್ತೆ. ತಟ್ಟತ್ತೆ. ಅಷ್ಟಕ್ಕೆ ಎಚ್ಚರ. ಆಮೇಲೆ ಬೆಳಗಿನ ತನಕ ಸೂರು ನೋಡ್ತಾ ಬಿದ್ದಿರೋದು."

"ಸರಿ ಅತ್ತೆ. ಕಳಿಸ್ತೀನಿ."

"ಬೀದೀಲಿ ಬಿಸಾಕಬೇಡ. ನಾಯಿ ಎಳೆದಾಡೋದು ನನ್ನ ಕೈಲಿ ನೋಡೋಕಾಗಲ್ಲ. ಸುಡಲೂ ಬೇಡ, ಊರೆಲ್ಲ ಹೊಗೆ. ಯಾರಿಗೂ ತೊಂದರೆ ಆಗದ ಹಾಗೆ ಕಳಿಸು. ಎಲ್ಲಿಗೆ, ಏನು ಅಂತ ನಂಗೆ ಹೇಳಬೇಡ. ನಾನೇ ಕೇಳಿದರೂ ಹೇಳಬೇಡ."

ದುಃಖಕ್ಕೆ ಹೇಳಿದರೋ, ಅಂತೂ ಒಂದು ರಾತ್ರಿಯಾದರೂ ನೆಮ್ಮದಿಯಾಗಿ ಮಲಗಬಹುದೆಂಬ ಆಸೆಗೆ ಹೇಳಿದರೋ, ಸೊಸೆಗೆ ತಿಳಿಯಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದರಲ್ಲಿ ಅತ್ತೆಯನ್ನು ಮೀರಿಸಿದವರಿಲ್ಲ. ಸಿಕ್ಕಿಕೊಂಡ ಜಿಪ್ಪನ್ನು ಅವಳೇ ಎಳೆದು ಮುಚ್ಚಿದಳು.

(ನೆನಪಿಡಿ: ಅತ್ತೆಗೆ ನಿದ್ದೆ ಬರಬೇಕು. ಇಡೀ ಕಥೆಯಲ್ಲಿ ಪಣಕ್ಕಿಟ್ಟಿರುವುದು ಅದೊಂದೇ. ಸಾಲದು ಎನ್ನುವವರು ಒಂದು ವರ್ಷ ನಿದ್ದೆಗೆಟ್ಟು ನೋಡಿ.)

೪

ಬೆಳಿಗ್ಗೆ ಸೀಟಿ ಊದುತ್ತಾ ಕಸದ ಗಾಡಿ ಬಂತು. ಗಾಡಿಯ ಹೆಂಗಸಿಗೆ ಬೀದಿಯವರೆಲ್ಲ ಸೀಟಿ ಅಕ್ಕ ಎನ್ನುತ್ತಾರೆ.

"ಅಕ್ಕಾ, ಹಾಸಿಗೆ ಯಾವ ಕಸ? ಹಸಿಯೋ ಒಣಗಿದ್ದೋ?"

ಸೀಟಿ ಅಕ್ಕ ಸೀಟಿಯನ್ನು ಬಾಯಿಂದ ತೆಗೆದಳು. "ಮಗು ಮಲಗ್ತಿತ್ತಾ ದೊಡ್ಡೋರಾ?"

"ದೊಡ್ಡೋರು."

"ಹಾಗಾದ್ರೆ ಒಣ." ತನ್ನ ಜೋಕಿಗೆ ತಾನೇ ನಕ್ಕು, ಆಮೇಲೆ ತಲೆಯಾಡಿಸಿದಳು. "ನನ್ನ ಗಾಡೀಲಿ ಹಿಡಿಯಲ್ಲ ಕಣಮ್ಮ. ಹಿಡಿದರೂ ಏನು? ಊರ ಹೊರಗಿನ ಗುಡ್ಡಕ್ಕೆ ಸುರೀತಾರೆ. ಅಲ್ಲಿ ಹಾಸಿಗೆಗಳದ್ದೇ ಒಂದು ಗುಡ್ಡ ಇದೆ. ಮಳೆ ಬಂದರೆ ಕುಡಿದು ಕುಡಿದು ಊದಿಕೊಂಡು ಕೂತಿರ್ತವೆ. ಒಳಗಿರೋದು ಏನು, ಸ್ಪಂಜಾ?"

"ಹತ್ತಿ."

"ಅಯ್ಯೋ, ಹತ್ತಿ ಹಾಸಿಗೇನ ಯಾರಾದ್ರೂ ಎಸೀತಾರಾ? ಬಿಚ್ಚಿಸಿ. ಬಟ್ಟೆ ಬೇರೆ, ಹತ್ತಿ ಬೇರೆ. ಹಿಂಜೋರಿಗೆ ಕೊಡಿ. ಅದಕ್ಕೂ ಮುಂಚೆ ಚೆನ್ನಾಗಿ ಬಿಸಿಲಿಗೆ ಹಾಕಿ. ತಿಗಣೆ ಸಮೇತ ಕೊಟ್ರೆ ಅವರು ನಿಮಗೇ ವಾಪಸ್ ಕೊಡ್ತಾರೆ."

ಸೊಸೆ ಎಲ್ಲವನ್ನೂ ಬರೆದುಕೊಂಡಳು. (ಇಲ್ಲಿ ಇನ್ನೂ ಎರಡು ಪುಟ ಇದ್ದವು: ಅನಾಥಾಲಯಕ್ಕೆ ಫೋನು, ಅವರು ಬಳಸಿದ ಹಾಸಿಗೆ ಬೇಡವೆಂದದ್ದು, ಇನ್ನೊಂದು ಕಡೆ ಫೋನು, ಅವರು ಫೋಟೋ ಕಳಿಸಿ ಎಂದದ್ದು, ಕಳಿಸಿದ ಮೇಲೆ ಫೋನೇ ಎತ್ತದೇ ಇದ್ದದ್ದು. ನಿಮ್ಮ ಮೇಲಿನ ಕರುಣೆಯಿಂದ ತೆಗೆದಿದ್ದೇನೆ.)

೫

ಈಗ ತಪ್ಪು ನಡೆಯುವ ಅಧ್ಯಾಯ. ಗಮನವಿಟ್ಟು ಓದಿ, ಯಾಕೆಂದರೆ ಯಾರದೂ ತಪ್ಪಿಲ್ಲ.

ಮಾವನ ಹಾಸಿಗೆಯನ್ನು ಬಿಸಿಲಿಗೆ ಹಾಕುವಾಗ ಅತ್ತೆಯದನ್ನೂ ಹಾಕಿದರೆ ಒಳ್ಳೆಯದಲ್ಲವೇ ಎಂದು ಸೊಸೆಗೆ ತೋಚಿತು. ಮೂರು ವರ್ಷದಿಂದ ಅದಕ್ಕೂ ಬಿಸಿಲು ಕಾಣಿಸಿರಲಿಲ್ಲ. ಎರಡರ ಗವಸುಗಳನ್ನೂ ಬಿಚ್ಚಿ ಬಿಸಿನೀರಿನಲ್ಲಿ ಒಗೆದಳು. ಗಂಡನೂ ಅವಳೂ ಸೇರಿ ಎರಡು ಹಾಸಿಗೆಗಳನ್ನೂ ತಾರಸಿಗೆ ಹೊತ್ತರು. ಅವಳು ಚೀಟಿ ಬರೆಯದೇ ಇರುತ್ತಾಳೆಯೇ? ದಪ್ಪ ಕಾಗದದಲ್ಲಿ, ದುಂಡಗಿನ ಅಕ್ಷರದಲ್ಲಿ, ಒಂದರ ಮೇಲೆ "ಅತ್ತೆ", ಇನ್ನೊಂದರ ಮೇಲೆ "ಮಾವ". ಗಾಳಿಗೆ ಹಾರಬಾರದೆಂದು ಒಂದೊಂದಕ್ಕೂ ಒಂದು ಸೇಫ್ಟಿ ಪಿನ್ನು. ಆಮೇಲೆ ಕೋಲು ಹಿಡಿದು, ತಗ್ಗು ಉಬ್ಬು ಹೋಗುವ ತನಕ, ಎರಡನ್ನೂ ತಿರುವಿ ತಿರುವಿ ಬಡಿದಳು. ಎರಡು ದಿನ ಹೀಗೇ.

ಮೂರನೆಯ ದಿನ ಅವಳು ಆಫೀಸಿನಲ್ಲಿದ್ದಾಗ ಮೋಡ ಕಟ್ಟಿತು. ಅವತ್ತು ರಜೆ ಹಾಕಿ ಮನೆಯಲ್ಲಿದ್ದ ಗಂಡ ಮೇಲಕ್ಕೆ ಓಡಿದ. ಮೇಲಿನ ಮನೆಯವರ ಕೈ ಸೇರಿಸಿಕೊಂಡು ಹನಿ ಬೀಳುವ ಮೊದಲೇ ಎರಡನ್ನೂ ಕೆಳಗಿಳಿಸಿ ಹಾಲಿನ ಗೋಡೆಗೆ ಆನಿಸಿ ನಿಲ್ಲಿಸಿದ.

ಸೊಸೆ ಸಂಜೆ ಬಂದು ನೋಡಿದಳು. ಒಳ್ಳೆಯ ಕೆಲಸ ಎಂದಳು. ಮತ್ತೆ ನೋಡಿದಳು.

"ರೀ, ಚೀಟಿ ಎಲ್ಲಿ?"

"ತೆಗೆದೆ."

"ತೆಗೆದ್ರಾ?"

"ಪಿನ್ನು ಇತ್ತಲ್ಲೇ. ಗೋಡೆಗೆ ಒತ್ತಿ ಬಾಯಿ ಬಿಚ್ಚಿಕೊಂಡು ಒಳಗೇ ಉಳಿದುಬಿಟ್ರೆ? ಅಮ್ಮನ ಬೆನ್ನಿಗೆ ಚುಚ್ಚಿದ್ರೆ?" ಅವನು ಜೇಬಿಗೆ ಕೈ ಹಾಕಿ, ಹೆಮ್ಮೆಯಿಂದ, ಅಂಗೈ ಬಿಚ್ಚಿದ. ಎರಡು ಚೀಟಿ. ಎರಡು ಪಿನ್ನು. "ನೋಡು, ಒಂದೂ ಕಳೆದಿಲ್ಲ."

"ಯಾವ ಚೀಟಿ ಯಾವುದರ ಮೇಲಿತ್ತು?"

ಗಂಡ ಹಾಸಿಗೆಗಳನ್ನು ನೋಡಿದ. ಚೀಟಿಗಳನ್ನು ನೋಡಿದ. ಹೆಂಡತಿಯ ಮುಖವನ್ನು ಮಾತ್ರ ನೋಡಲಿಲ್ಲ.

"ಅಪ್ಪಂದು... ಇದು," ಎಂದ. "ಇಲ್ಲ. ತಡಿ. ಮೆಟ್ಟಿಲ ತಿರುವಿನಲ್ಲಿ ಅವರು ಮುಂದೆ ಬಂದ್ರು, ನಾನು ಹಿಂದೆ ಆದೆ..."

೬

ಗುರುತು ಹಿಡಿಯಲು ಅವರು ಮಾಡಿದ ಪ್ರಯತ್ನಗಳು, ನಡೆದ ಕ್ರಮದಲ್ಲಿ:

ವಾಸನೆ. ಸೊಸೆ ಎರಡಕ್ಕೂ ಮುಖವಿಟ್ಟು ಮೂಸಿದಳು. ಎರಡೂ ಬಿಸಿಲಿನ ವಾಸನೆ. ಮಾವನ ತಲೆಯೆಣ್ಣೆ, ಅತ್ತೆಯ ನೋವಿನ ಮುಲಾಮು, ಎಲ್ಲವನ್ನೂ ಸೂರ್ಯ ಎತ್ತಿಕೊಂಡು ಹೋಗಿದ್ದ.

ತಗ್ಗು. ಮಾವ ಭಾರೀ ಆಳು. ಹನ್ನೊಂದು ವರ್ಷ ಮಲಗಿದ ಜಾಗದಲ್ಲಿ ಒಂದು ಗುಳಿ ಬಿದ್ದಿರಬೇಕಿತ್ತು. ಬಿದ್ದೂ ಇತ್ತು. ಅವಳೇ ಕೋಲು ಹಿಡಿದು ಬಡಿದು ಸರಿ ಮಾಡಿದ್ದಳು.

ಕಲೆ. ಒಗೆದದ್ದು ಯಾರು? ಅವಳೇ.

ತೂಕ. ಗಂಡ ಒಂದೊಂದನ್ನೂ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತ. ನಿಂತದ್ದು ಅವನು, ಹಾಸಿಗೆಯ ಮರೆಗೆ ಅವನಿಗೆ ಕಾಣಿಸದ ಸಂಖ್ಯೆಯನ್ನು ಬಗ್ಗಿ ಓದಿದ್ದು ಇವಳು. ಎರಡು ಸಲವೂ ಒಂದೇ ಸಂಖ್ಯೆ.

"ಅಪ್ಪ ತಕ್ಕಡೀಲಿ ತೂಗಿ ತುಂಬೋರು," ಎಂದ ಗಂಡ, ಸೋತ ದನಿಯಲ್ಲಿ. "ಅಮ್ಮನಿಗೆ ಫೋನ್ ಮಾಡಿ ಕೇಳೋಣ್ವಾ?"

"ಏನಂತ ಕೇಳ್ತೀರಿ? ಬಂದು ಎರಡರ ಮೇಲೂ ಮಲಗಿ ಹೇಳಿ ಅಂತಲಾ? ಕಣ್ಣಿಗೇ ಬೀಳಬಾರದು ಅಂದಿದ್ದಾರೆ."

"ಹಾಗಾದ್ರೆ ಯಾವುದೋ ಒಂದು ಕಳಿಸು. ಎರಡೂ ಒಂದೇ ಥರ ತಾನೇ?"

ಅವಳು ತೂಕದ ಯಂತ್ರವನ್ನು ಕಾಲಿನಿಂದ ಗೋಡೆಗೆ ಸರಿಸಿದಳು. ತಪ್ಪು ಹಾಸಿಗೆಯನ್ನು ಕಳಿಸಿದರೆ, ಯಾವುದು ಮನೆಯಲ್ಲಿ ಇರಬಾರದೆಂದು ಅತ್ತೆ ಬೇಡಿಕೊಂಡರೋ ಅದರ ಮೇಲೆಯೇ ಅವರನ್ನು ಮಲಗಿಸಿದಂತಾಗುತ್ತದೆ. ಅದೂ ಅವರಿಗೆ ಗೊತ್ತಿಲ್ಲದ ಹಾಗೆ. ಸಕ್ಕರೆ ಡಬ್ಬಿಯಲ್ಲಿ ಉಪ್ಪು. ಚೀಟಿ ಅಂಟಿಸಿದವಳು ತಾನೇ.

ಅವತ್ತು ರಾತ್ರಿ ಅವಳು ಮೇಜಿನ ಮುಂದೆ ಕೂತು ನನ್ನನ್ನು ಕರೆದಳು. (ಪಾತ್ರಗಳು ಕರೆದರೆ ಹೋಗಬಾರದು ಎಂದು ಬಲ್ಲವರು ಹೇಳಿದ್ದಾರೆ. ಹೋದೆ.)

"ಯಾವುದು ಅತ್ತೆಯದು?"

"ನಂಗೊತ್ತಿಲ್ಲ," ಎಂದೆ.

"ಬರೀತಾ ಇರೋರು ನೀವು ತಾನೇ?"

"ಹೌದು. ಆದರೆ ತಾರಸಿಯಿಂದ ಇಳಿಸುವಾಗ ನಾನು ನಿನ್ನ ಆಫೀಸಿನಲ್ಲಿ ನಿನ್ನ ಹಿಂದೆ ನಿಂತಿದ್ದೆ. ನಿನ್ನ ಹತ್ತಿರ ಬಿಟ್ಟು ಬೇರೆಲ್ಲೂ ಹೋಗಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ."

"ಎಂಥ ತೀರ್ಮಾನ! ಒಂದು ಐದು ನಿಮಿಷ ಮೇಲೆ ಹೋಗಿ ಬಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನೀನೂ ಒಂದು ಗುರುತು ದಾರದಲ್ಲಿ ಹೊಲಿದುಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಜಗಳದಿಂದ ಯಾರಿಗೂ ಏನೂ ತಿಳಿಯಲಿಲ್ಲ.

೭

(ಈ ಭಾಗದಲ್ಲಿ ಅವಳು ಕಣ್ಣು ಮುಚ್ಚಿ ಒಂದನ್ನು ಆರಿಸುತ್ತಿದ್ದಳು. ನಾಣ್ಯ ಚಿಮ್ಮಿಸುತ್ತಿದ್ದಳು. ಬರೆದು ಮುಗಿಸಿದ ಮೇಲೆ, ಮಾತ್ರೆಯ ಚೀಟಿ ತಿದ್ದುವವಳು ನಾಣ್ಯ ಚಿಮ್ಮಿಸುವುದಿಲ್ಲ ಎಂದು ನೆನಪಾಯಿತು. ತೆಗೆದುಹಾಕಿದೆ.)

೮

ಹತ್ತಿ ಹಿಂಜುವ ಅಂಗಡಿ. ಮಾವನ ಕೈಕೆಳಗೆ ದುಡಿದವನು ಈಗ ಅದರ ಯಜಮಾನ. ಮಾವ ಅವನನ್ನು "ಶಿಷ್ಯ" ಎಂದು ಕರೆಯುತ್ತಿದ್ದರು. ಅವನಿಗೆ ಅರವತ್ತಮೂರಾದರೂ ಆ ಹೆಸರು ಬಿಟ್ಟಿಲ್ಲ. ಹುಬ್ಬಿನ ಮೇಲೆ, ಕಿವಿಯ ಕೂದಲಿನ ಮೇಲೆ ಹತ್ತಿಯ ಎಳೆ ಅಂಟಿಸಿಕೊಂಡು ಯಂತ್ರದ ಪಕ್ಕ ನಿಂತಿದ್ದ. ಸೊಸೆ ಎರಡು ಹಾಸಿಗೆಗಳನ್ನೂ ಗಾಡಿ ಮಾಡಿಕೊಂಡು ತಂದಿದ್ದಳು. ಗಂಡ ಡ್ಯೂಟಿಯಲ್ಲಿದ್ದ.

"ಎರಡೂ ಕೊಡ್ತಿದ್ದೀರಾ ತಾಯಿ?"

"ಇಲ್ಲ. ಒಂದು ಕೊಡೋದು. ಒಂದು ಇಟ್ಟುಕೊಳ್ಳೋದು. ಯಾವುದು ಕೊಡೋದು ಅಂತ ನೀವು ಹೇಳಬೇಕು." ನಡೆದದ್ದೆಲ್ಲ ಹೇಳಿದಳು.

ಶಿಷ್ಯ ನಗಲಿಲ್ಲ. ಒಂದು ಹಾಸಿಗೆಯ ಅಂಚನ್ನು ಬೆರಳಿನಲ್ಲಿ ಸವರಿದ. "ಗುರುಗಳ ಹೊಲಿಗೆ. ಈ ಗಂಟು ನೋಡಿ, ಇದನ್ನ ನಂಗೆ ಕೊನೇ ತನಕ ಕಲಿಸಲಿಲ್ಲ ಮುದುಕ. ಹೊರಗಡೆಯಿಂದ ಹೇಳೋಕಾಗಲ್ಲ ತಾಯಿ. ಬಿಚ್ಚಲಾ?"

"ಬಿಚ್ಚಿ."

ಮೊದಲನೆಯದರ ಬಾಯಿ ಬಿಚ್ಚಿದ. ಉದ್ದ ಎಳೆಯ ಹತ್ತಿ. ಹನ್ನೆರಡು ವರ್ಷದ ಮೇಲೂ ಹಾಲಿನ ಬಣ್ಣ. ಶಿಷ್ಯ ಒಂದು ಹಿಡಿ ತೆಗೆದು ಎರಡೂ ಕೈಯಲ್ಲಿ ಎಳೆದ. ಹರಿಯದೆ ಹಿಗ್ಗಿತು. "ಆಹಾ," ಎಂದ. "ಅಂಗಡಿಯ ನಂಬರ್ ಒನ್ ಮಾಲು. ಗಿರಾಕಿಗಳಿಗೂ ಇಂಥಾದ್ದು ಸಿಗ್ತಿರಲಿಲ್ಲ."

ಎರಡನೆಯದರ ಬಾಯಿ ಬಿಚ್ಚಿದ. ಹಿಡಿ ತೆಗೆಯಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಸೊಸೆ ಬಗ್ಗಿ ನೋಡಿದಳು. ಬೂದು ಬಣ್ಣದ ಉಂಡೆಗಳು. ಬೀಜದ ಸಿಪ್ಪೆ. ಕೆಂಪು, ಹಸಿರು, ಹಳದಿ ದಾರದ ತುಂಡುಗಳು. ಯಾರದೋ ಹಳೆಯ ದಿಂಬಿನ ಗಟ್ಟಿಯಾದ ಹತ್ತಿ. ಕತ್ತರಿಸಿ ಉಳಿದ ಚಿಂದಿ. ಅರ್ಧ ಗುಂಡಿ.

"ಇದೇನಿದು?"

"ಗುಡಿಸಿದ್ದು," ಎಂದ ಶಿಷ್ಯ ನಿಧಾನವಾಗಿ. "ದಿನಾ ಸಂಜೆ ಗುರುಗಳೇ ಪೊರಕೆ ಹಿಡಿದು ಅಂಗಡಿ ಗುಡಿಸೋರು. ನಂಗೆ ಬಿಡ್ತಿರಲಿಲ್ಲ. ಗುಡಿಸಿದ್ದನ್ನ ಚೀಲಕ್ಕೆ ತುಂಬಿ ಎತ್ತಿಡೋರು. ಯಾಕೆ ಗುರುಗಳೇ, ಎಸೀಬಾರದಾ ಅಂದ್ರೆ, ಹತ್ತೀಲಿ ಕಸ ಅಂತ ಇಲ್ಲ ಕಣೋ ಅನ್ನೋರು. ಚೀಲ ಎಲ್ಲಿ ಹೋಗ್ತಿತ್ತು ಅಂತ ನಂಗೆ ಇವತ್ತು ಗೊತ್ತಾಯ್ತು."

ಇಬ್ಬರೂ ಬಿಚ್ಚಿದ ಎರಡು ಹಾಸಿಗೆಗಳ ನಡುವೆ ನಿಂತಿದ್ದರು. ಯಂತ್ರ ತಾನಾಗಿ ಗುಡುಗುತ್ತಿತ್ತು.

ಹೊರಗೆ ಒಂದೇ ಬಟ್ಟೆ, ಒಂದೇ ತೂಕ, ಒಂದೇ ಗಂಟು. ಒಳಗೆ ಒಂದಕ್ಕೆ ನಂಬರ್ ಒನ್ ಮಾಲು, ಒಂದಕ್ಕೆ ನೆಲದ ಕಸ. ಮುಚ್ಚಿ ಹೊಲಿದ ಮೇಲೆ ಆ ಮನುಷ್ಯ ಒಂದನ್ನು ಗೋಡೆ ಕಡೆ ಹಾಸಿದ, ಒಂದನ್ನು ಕಿಟಕಿ ಕಡೆ ಹಾಸಿದ. ಯಾವುದನ್ನು ಎಲ್ಲಿ?

"ಒಳ್ಳೆಯದು ಅಮ್ಮಂದೇ ಇರಬೇಕು," ಎಂದ ಶಿಷ್ಯ. "ಬಿಡಿ, ಇನ್ನೇನು. ಹೆಂಡತಿಗೆ ಒಳ್ಳೇದು ಹಾಕಿ ಗುಡಿಸಿದ್ದರ ಮೇಲೆ ತಾವು ಮಲಗಿರ್ತಾರೆ. ಅಂಥ ಮನುಷ್ಯ." ಕಿವಿಯ ಹತ್ತಿ ಕಿತ್ತುಕೊಂಡ. "ಆದರೆ... ಆಗ ಅವರಿಗೆ ಬೆನ್ನುನೋವು ಬಹಳ ಇತ್ತು. ಗಟ್ಟಿ ಮೇಲೆ ಮಲಗೋಕಾಗಲ್ಲ ಅಂತಿದ್ರು. ಅಮ್ಮ ಯಾವತ್ತೂ ಏನೂ ಅಂದೋರಲ್ಲ..."

"ಸಾಕು," ಎಂದಳು ಸೊಸೆ. "ಹೇಳಬೇಡಿ."

ಅವಳಿಗೆ ಇಷ್ಟು ಹೊತ್ತು ಗೊತ್ತಿಲ್ಲದೇ ಇದ್ದದ್ದು ಒಂದು ಸಂಗತಿ. ಈಗ ಗೊತ್ತಿಲ್ಲದೇ ಇರುವುದು ಎರಡಾಯಿತು. ಒಂದಕ್ಕೆ ಉತ್ತರ ಸಿಕ್ಕರೆ ಇನ್ನೊಂದಕ್ಕೂ ಸಿಗುತ್ತಿತ್ತು. ಅತ್ತೆಯದು ಯಾವುದೆಂದು ತಿಳಿದರೆ ಮಾವ ಎಂಥವರೆಂದು ತಿಳಿಯುತ್ತಿತ್ತು. ಮಾವ ಎಂಥವರೆಂದು ತಿಳಿದಿದ್ದರೆ ಅತ್ತೆಯದು ಯಾವುದೆಂದು ಹೇಳಬಹುದಿತ್ತು. ಹದಿನಾಲ್ಕು ವರ್ಷ ಮಾವನ ಜೊತೆ ಒಂದೇ ಸೂರಿನಡಿ ಇದ್ದವಳು ಅವಳು. ದಿನವೂ ಅವರಿಗೆ ಕಣ್ಣಿನ ಹನಿ ಹಾಕಿದವಳು. ನೆನಪು ಮಾಡಿಕೊಂಡಳು: ಹಣ್ಣು ಹೆಚ್ಚಿದರೆ ದೊಡ್ಡ ಹೋಳು ಯಾರಿಗೆ ಹೋಗುತ್ತಿತ್ತು? ಒಂದು ದಿನ ಅತ್ತೆಗೆ, ಒಂದು ದಿನ ಅವರಿಗೇ. ಫ್ಯಾನು ಯಾರ ಕಡೆ ತಿರುಗಿರುತ್ತಿತ್ತು? ನೆನಪಾಗಲಿಲ್ಲ. ಅವರಿಬ್ಬರೂ ಜಗಳವಾಡುವಾಗ ಅವಳು ಯಾವಾಗಲೂ ಎದ್ದು ಒಳಗೆ ಹೋಗುತ್ತಿದ್ದಳು, ಮರ್ಯಾದೆಗೆ.

"ಒಳ್ಳೆಯದನ್ನ ಹಿಂಜಿ ಹೊಲಿದು ಕೊಡಿ," ಎಂದಳು ಕೊನೆಗೆ. "ಅದು ಅತ್ತೆದೇ ಆಗಿದ್ರೆ ಅವರಿಗೆ ಸೇರಿತು. ಅಲ್ಲದಿದ್ರೆ... ಇನ್ನು ಮೇಲಾದ್ರೂ ಸೇರಲಿ."

"ಅಲ್ಲದಿದ್ರೆ ಅದು ಗುರುಗಳದ್ದಾಗತ್ತಲ್ಲ ತಾಯಿ. ಅದೇ ತಾನೇ ಇರಬಾರದು ಅಂದಿದ್ದು?"

ಶಿಷ್ಯ ಇಷ್ಟು ಸರಿಯಾದ ಪ್ರಶ್ನೆ ಕೇಳಬೇಕೆಂದು ನಾನು ಬರೆದಿರಲಿಲ್ಲ. ಅವನಾಗಿಯೇ ಕೇಳಿದ. ಸೊಸೆ ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ.

"ಹೊಲೀರಿ," ಎಂದಳು.

೯

ಗುಡಿಸಿದ ಹತ್ತಿಯ ವಿಲೇವಾರಿ. (ಪರಿಸರದ ಬಗ್ಗೆ ಓದಲೆಂದೇ ಇಲ್ಲಿಗೆ ಬಂದವರು ಯಾರಾದರೂ ಇನ್ನೂ ಉಳಿದಿದ್ದರೆ, ಇದು ನಿಮಗೆ.)

ಹಿಂಜಲು ಅದು ಲಾಯಕ್ಕಿರಲಿಲ್ಲ. ಆದರೆ ಗಿಡಗಳ ನರ್ಸರಿಯವರು ಹತ್ತಿಯನ್ನು ಗೊಬ್ಬರದ ಗುಂಡಿಗೆ ಹಾಕಿಕೊಳ್ಳುತ್ತಾರೆ, ಮಣ್ಣಾಗುತ್ತದೆ ಎಂದು ಶಿಷ್ಯನೇ ಹೇಳಿದ. ಒಂದೇ ಷರತ್ತು: ಬಣ್ಣದ ದಾರ ಇರಕೂಡದು. ಅದರಲ್ಲಿ ನೈಲಾನು ಇರುತ್ತದೆ, ಕೊಳೆಯುವುದಿಲ್ಲ. ಮೇಲುಹೊದಿಕೆಯ ನೀಲಿ ಪಟ್ಟೆ ಬಟ್ಟೆಯನ್ನು ಅವನೇ ಒರೆಸುವ ಬಟ್ಟೆಗೆಂದು ಕತ್ತರಿಸಿ ಇಟ್ಟುಕೊಂಡ.

ಸೊಸೆ ಅರ್ಧ ದಿನ ರಜೆ ಹಾಕಿ ಅಂಗಡಿಯ ಹಿಂದಿನ ಚಾವಡಿಯಲ್ಲಿ ಕೂತು ದಾರ ಆರಿಸಿದಳು. ಒಂದೊಂದೇ. ಕೆಂಪು ಒಂದು ಕಡೆ, ಲೋಹ ಒಂದು ಕಡೆ, ಗುಂಡಿ ಒಂದು ಕಡೆ.

ಈಗ ಅವಳಿಗೆ ಹತ್ತಿಯ ನಡುವೆ ಒಂದು ಪತ್ರ ಸಿಗುತ್ತದೆ ಎಂದು ನೀವು ಕಾಯುತ್ತಿದ್ದೀರಿ. ನಾನೂ ಕಾಯುತ್ತಿದ್ದೆ. ಎರಡನೇ ಡ್ರಾಫ್ಟಿನಲ್ಲಿ ಒಂದು ಉಂಗುರವೂ ಸಿಕ್ಕಿತ್ತು. ನಿಜವಾಗಿ ಸಿಕ್ಕದ್ದು ಇಷ್ಟು: ಐದೂವರೆ ಗುಂಡಿ, ಒಂದು ಸೊಟ್ಟಗಾದ ದಬ್ಬಳ, ಒಂದು ಪೆನ್ಸಿಲ್ ತುಂಡು, ಒಂದು ಕೂದಲ ಪಿನ್ನು. ಕೂದಲ ಪಿನ್ನನ್ನು ಅವಳು ಬಹಳ ಹೊತ್ತು ನೋಡಿದಳು. ಅತ್ತೆಯದಿರಬಹುದು. ಬಟ್ಟೆ ಸವೆದ ಕಡೆಯಿಂದ ಒಳಗೆ ಸರಿದಿರಬಹುದು. ಅಥವಾ ಅಂಗಡಿಗೆ ಬಂದ ಯಾವುದೋ ಗಿರಾಕಿಯ ಹಳೇ ಹಾಸಿಗೆಯಿಂದ ಉದುರಿ, ಮಾವನ ಪೊರಕೆಗೆ ಸಿಕ್ಕಿ, ಚೀಲ ಸೇರಿರಬಹುದು.

ಎರಡೂ ಇರಬಹುದು ಎಂಬುದು ಅವಳ ಕೆಲಸದಲ್ಲಿ ನಡೆಯದ ವಾಕ್ಯ. ಪಿನ್ನನ್ನು ಲೋಹದ ಗುಡ್ಡೆಗೆ ಹಾಕಿದಳು.

ಸಂಜೆ ನರ್ಸರಿಯ ಗಾಡಿ ಬಂತು. ಚೀಲ ಹೋಯಿತು. ಯಾರಿಗೂ ತೊಂದರೆಯಾಗಲಿಲ್ಲ.

೧೦

ಅತ್ತೆ ಬಂದರು. ಬ್ಯಾಗು ಇಳಿಸಿ, ಕೈಕಾಲು ತೊಳೆದು, ಕೋಣೆಯ ಬಾಗಿಲಲ್ಲಿ ನಿಂತರು. ಮಂಚದ ಗೋಡೆ ಕಡೆ ಒಂದೇ ಹಾಸಿಗೆ. ಕಿಟಕಿ ಕಡೆ ಬರೀ ಹಲಗೆ. ಹಲಗೆಯನ್ನು ನೋಡಿದರು. ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತರು, ಮಲಗಿದರು, ಮಗ್ಗುಲಾದರು. ಸೊಸೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ಬಿಸಿಲಿಗೆ ಹಾಕಿದ್ಯಾ?"

"ಹೂಂ ಅತ್ತೆ."

"ನಂದು ಇಷ್ಟು ಮೆತ್ತಗಿರಲಿಲ್ಲ."

ಅತ್ತೆ ಹಾಸಿಗೆಯ ಅಂಚನ್ನು ಅಂಗೈಯಲ್ಲಿ ಒತ್ತಿ ನೋಡಿದರು.

"ಹಿಂಜಿಸಿದ್ಯಾ?"

"ಹೂಂ. ಹಿಂಜಿಸಿದೆ."

"ಅದಕ್ಕೇ." ಅತ್ತೆ ಸೂರು ನೋಡುತ್ತಾ ಮಲಗಿದ್ದರು. "ಹಿಂಜಿದರೆ ಮೆತ್ತಗಾಗತ್ತೆ, ಎಂಥದಾದರೂ." ಆಮೇಲೆ, "ಅವರದ್ದು..." ಎಂದು ಶುರು ಮಾಡಿ, ನಿಲ್ಲಿಸಿದರು. "ಬೇಡ. ಹೇಳಬೇಡ ಅಂದಿದ್ದು ನಾನೇ."

ಆ "ಎಂಥದಾದರೂ" ಯಾಕೆ ಬಂತು? ನನಗೆ ಗೊತ್ತಿಲ್ಲ. ಅತ್ತೆಗೆ ಹನ್ನೆರಡು ವರ್ಷ ಬೆನ್ನ ಕೆಳಗೆ ಏನಿದೆ ಎಂದು ತಿಳಿದಿತ್ತೇ? ಕೇಳಲು ಹೋದೆ. "ನಂಗೆ ನಿದ್ದೆ ಬರ್ತಿದೆ, ಆಚೆ ಹೋಗು," ಎಂದರು. ಸಮಯ ಮಧ್ಯಾಹ್ನ ಮೂರೂಕಾಲು.

೧೧

ಮುಕ್ತಾಯಗಳು. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ. ಬೇಡವಾದದ್ದನ್ನು ಬೀದಿಗೆ ಎಸೆಯಬೇಡಿ.

ಒಂದು. ರಾತ್ರಿ ಗೋಡೆಯ ಆಚೆಯಿಂದ ಯಾವ ಸದ್ದೂ ಇಲ್ಲ. ಅತ್ತೆ ನಿದ್ದೆ ಹೋಗಿದ್ದಾರೆ. ಸದ್ದು ಬರುತ್ತದೇನೋ ಎಂದು ಕಾದು ಕಾದು ಸೊಸೆಗೆ ನಿದ್ದೆಯಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಎರಡು. ಸದ್ದು ಬರುತ್ತದೆ, ಆದರೆ ತಪ್ ಅಲ್ಲ. ಟಕ್. ಬರೀ ಹಲಗೆಯ ಮೇಲೆ ಗೆಣ್ಣಿನ ಸದ್ದು. (ಇದನ್ನು ಬರೆದ ಕೂಡಲೇ ಅತ್ತೆ ಎದ್ದು ಬಂದರು. "ನಾನು ತಟ್ಟಿದ್ನೋ ಬಿಟ್ನೋ, ಅದು ನನ್ನ ಮಂಚ, ನನ್ನ ಕೈ. ನಿನ್ನ ಕಥೆಗೆ ಬೇಕು ಅಂತ ಹಲಗೆ ಕುಟ್ಟೋಕೆ ನಂಗೇನು ತಲೆ ಕೆಟ್ಟಿದ್ಯಾ?" ಎರಡನೆಯದನ್ನು ಹೊಡೆದುಹಾಕಿದ್ದೇನೆ. ಆದರೂ ಓದಲು ಬರುತ್ತಿದೆ, ಅಲ್ಲವೇ?)

ಮೂರು. ಈಚೆಯಿಂದ ಸೊಸೆಯೇ ಗೋಡೆಯನ್ನು ಮೆಲ್ಲಗೆ ತಟ್ಟುತ್ತಾಳೆ. ಆಚೆಯಿಂದ ಅತ್ತೆ ಮಗ್ಗುಲಾಗುವ ಸದ್ದು. (ಚೆಂದವಾಗಿದೆ. ಅದಕ್ಕೇ ನಂಬಿಕೆ ಬರುವುದಿಲ್ಲ.)

ಮಲಗುವ ಮುಂಚೆ ನಡೆದದ್ದಂತೂ ನನಗೆ ಖಚಿತವಾಗಿ ಗೊತ್ತು, ಅಲ್ಲೇ ಇದ್ದೆ. ಗಂಡ ಅಂಗಿ ಬಿಚ್ಚುತ್ತಾ ಜೇಬಿನಿಂದ ಎರಡು ಚೀಟಿ, ಎರಡು ಪಿನ್ನು ತೆಗೆದ.

"ಇವನ್ನೇನು ಮಾಡ್ಲಿ?"

"ಚೀಟಿ ಒಣ ಕಸಕ್ಕೆ ಹಾಕಿ. ಪಿನ್ನು ನಂಗೆ ಕೊಡಿ."

"ಅಂದ ಹಾಗೆ, ಶಿಷ್ಯಣ್ಣ ಗುರುತು ಹಿಡಿದ್ರಾ? ಸರಿಯಾದ್ದೇ ತಾನೇ ಹೋಗಿದ್ದು?"

ಸೊಸೆ ವಾಕ್ಯವನ್ನು ಮನಸ್ಸಿನಲ್ಲೇ ಒಮ್ಮೆ ತಿದ್ದಿಕೊಂಡಳು. ಎರಡನೇ ಸಲ ತಿದ್ದಿದಳು.

"ಹೋಗಬೇಕಾದ್ದು ಹೋಯ್ತು," ಎಂದಳು.

"ಸದ್ಯ," ಎಂದ ಗಂಡ, ದೀಪ ಆರಿಸಿದ.

ಅವಳು ಕತ್ತಲಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಎರಡು ಪಿನ್ನುಗಳು ಅವಳ ಮುಷ್ಟಿಯಲ್ಲೇ ಇದ್ದವು, ಬಾಯಿ ಮುಚ್ಚಿ. ಎರಡನೇ ಹಾಸಿಗೆಯ ಹೊಟ್ಟೆಯಲ್ಲಿ ಏನಿತ್ತು ಎಂಬುದನ್ನು ಅತ್ತೆಗೆ ಹೇಳುವುದಿಲ್ಲ, ಗಂಡನಿಗೂ ಹೇಳುವುದಿಲ್ಲ ಎಂದು ಅಂಗಡಿಯಿಂದ ಬರುವ ದಾರಿಯಲ್ಲೇ ಅವಳು ತೀರ್ಮಾನಿಸಿಯಾಗಿತ್ತು. ಶಿಷ್ಯ ತನ್ನ ದಬ್ಬಳ ಮುಟ್ಟಿ ಮಾತು ಕೊಟ್ಟಿದ್ದ. (ನಿಮಗೆ ಹೇಳಿದ್ದು ನಾನು. ಅವಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ.)

ಬೆಳಿಗ್ಗೆ ಅವಳು ಒಲೆ ಹಚ್ಚುವಾಗ ನಾನು ಪಕ್ಕದಲ್ಲಿ ಹೋಗಿ ನಿಂತೆ. ರಾತ್ರಿ ನನಗೆ ಕಣ್ಣು ಹತ್ತಿಬಿಟ್ಟಿತ್ತು, ಒಪ್ಪಿಕೊಳ್ಳುತ್ತೇನೆ. ಅತ್ತೆ ಇನ್ನೂ ಎದ್ದಿರಲಿಲ್ಲ. ನಿದ್ದೆಯೋ, ಸೂರು ನೋಡುತ್ತಿದ್ದರೋ.

"ಸದ್ದು ಬಂತಾ?" ಎಂದೆ.

ಅವಳು ಪಾತ್ರೆಗೆ ನೀರು ಹಾಕಿದಳು. ಡಬ್ಬಿಯ ಚೀಟಿ ಓದಿ, ಸಕ್ಕರೆಯೇ ಹೌದೆಂದು ಖಾತ್ರಿ ಮಾಡಿಕೊಂಡು, ಮುಚ್ಚಳ ತೆರೆದಳು.

"ನಂಗಾದ್ರೂ ಹೇಳೇ," ಎಂದೆ. "ಕೊನೆಯ ಸಾಲು ಬರೀಬೇಕು."

ಅವಳು ನನ್ನನ್ನು ನೋಡಿದಳು. ಯಾರಿಗೆಲ್ಲ ಹೇಳಬಾರದೆಂದು ಅವಳು ತೀರ್ಮಾನಿಸಿದ್ದಳೋ ಆ ಪಟ್ಟಿಗೆ ನನ್ನ ಹೆಸರೂ ಸೇರಿದ್ದು ಆಗ.